‘ಅಪ್ಪಾ, ಉಜ್ಜಿದ್ರೆ ಹೋಗುತ್ತಾ?’

ಅಡುಗೆಮನೆಯ ಸಿಂಕಿನಲ್ಲಿ ಇರಬೇಕಾದ ಸ್ಕ್ರಬ್ ಎರಡು ದಿನದಿಂದ ಕಾಣಿಸುತ್ತಿರಲಿಲ್ಲ. ಒಂದು ಕಡೆ ಹಳದಿ ಸ್ಪಂಜು, ಇನ್ನೊಂದು ಕಡೆ ಒರಟು ಹಸಿರು, ಎಲ್ಲರ ಮನೆಯಲ್ಲೂ ಇರುತ್ತಲ್ಲ, ಅದೇ. ಕೊನೆಗೆ ಸಿಕ್ಕಿದ್ದು ಬಚ್ಚಲಲ್ಲಿ, ಮಗಳ ಕೈಯಲ್ಲಿ. ಟಬ್ಬಿನಲ್ಲಿ ಕೂತು ಎಡಗೈಯನ್ನು ಹಸಿರು ಕಡೆಯಿಂದ ಉಜ್ಜುತ್ತಿದ್ದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪು ಕೆಂಪು ಗೆರೆ. ನನ್ನನ್ನು ನೋಡಿ ಬೆಚ್ಚಲೂ ಇಲ್ಲ, ಬಚ್ಚಿಡಲೂ ಇಲ್ಲ. “ಅಪ್ಪಾ, ಉಜ್ಜಿದ್ರೆ ಹೋಗುತ್ತಾ ಇದು?” ಅಂದಳು. ಹಬ್ಬಕ್ಕೆ ಹಾಕಿಸಿಕೊಂಡ ಮೆಹಂದಿ ಯಾವಾಗ ಹೋಗುತ್ತೆ ಅಂತ ಕೇಳುವ ಧಾಟಿಯಲ್ಲೇ.

ಅವಳಿಗೆ ಆಗ ಏಳು ವರ್ಷ. ನಾವಿರುವುದು ಇಂಗ್ಲೆಂಡಿನಲ್ಲಿ, ಲಂಡನ್ನಿನಿಂದ ಸ್ವಲ್ಪ ದೂರದ ಒಂದು ಊರಲ್ಲಿ. ನಾನು ಸಾಫ್ಟ್‌ವೇರು, ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ವಾರಕ್ಕೆ ಮೂರು ರಾತ್ರಿ ಡ್ಯೂಟಿ. ಆವತ್ತೂ ಅವಳು ಡ್ಯೂಟಿಗೆ ಹೋಗಿದ್ದಳು. ಹಾಗಾಗಿ ಆ ಹೊತ್ತಲ್ಲಿ ಮಾಡಿದ ತಪ್ಪೆಲ್ಲ ನಂದೇ.

ಮೊದಲ ತಪ್ಪು, “ಯಾರು ಏನಂದ್ರು? ಹೆಸರು ಹೇಳು, ಯಾವಾಗ ಅಂದ್ರು, ಟೀಚರ್ ಅಲ್ಲಿದ್ರಾ?” ಅಂತ ಒಂದೇ ಉಸಿರಲ್ಲಿ ಪೊಲೀಸಿನವರ ಹಾಗೆ ಕೇಳಿದ್ದು. ಮಗು ಬಾಯಿ ಮುಚ್ಚಿತು. ಎರಡನೇದು, “ಅವರಿಗೇನು ಗೊತ್ತು, ಸುಮ್ನೆ ಬಿಡು ಪುಟ್ಟಿ, ನೀನು ಎಷ್ಟು ಚೆನ್ನಾಗಿದ್ದೀಯ” ಅಂದಿದ್ದು. ಇದು ತಪ್ಪು ಅಂತ ನನಗೆ ತಿಳಿಯೋಕೆ ವಾರಗಳೇ ಬೇಕಾದವು. ಸುಮ್ನೆ ಬಿಡು ಅಂದರೆ ಅವಳ ಕಿವಿಗೆ ಕೇಳಿಸಿದ್ದು, ಇದರ ಬಗ್ಗೆ ಮಾತಾಡಬೇಡ ಅಂತ. ಅವಳು ಅಪ್ಪನ ಮಾತು ಕೇಳುವ ಮಗು. ಮಾತಾಡಲಿಲ್ಲ.

ಬಾಯಿ ಮಾತಾಡದಿದ್ದರೆ ಹೊಟ್ಟೆ ಮಾತಾಡುತ್ತೆ. ಭಾನುವಾರ ರಾತ್ರಿ ಶುರುವಾಗುವ ಹೊಟ್ಟೆನೋವು ಶುಕ್ರವಾರ ಸಂಜೆ ಮಾಯ. ಡಾಕ್ಟರು ನೋಡಿ ಏನಿಲ್ಲ ಅಂದರು. ಡಬ್ಬಿಯ ಚಿತ್ರಾನ್ನ ಹೋದ ಹಾಗೇ ವಾಪಸ್ ಬರುತ್ತಿತ್ತು, ಶೇಂಗಾಬೀಜ ಹಾಕದೆ ಮಾಡಿದ್ದು, ಅಲ್ಲಿ ಅಲರ್ಜಿ ಅಂತ ಬೀಜ ಕಳಿಸೋ ಹಾಗಿಲ್ಲ. ಆಮೇಲೆ ಒಂದು ದಿನ ಶಾಲೆಯ ಗೇಟು ಇನ್ನೂ ನೂರು ಹೆಜ್ಜೆ ಇದೆ ಅನ್ನುವಾಗ ಕೈ ಬಿಡಿಸಿಕೊಂಡು ಹೇಳಿದಳು, “ಅಪ್ಪಾ, ಗೇಟ್ ಹತ್ರ ಕನ್ನಡ ಮಾತಾಡ್ಬೇಡ, ಪ್ಲೀಸ್.” ಸ್ಕ್ರಬ್ ನೋಡಿದಾಗಲೂ ಇಷ್ಟು ಚುಚ್ಚಿರಲಿಲ್ಲ.

ಕೊನೆಗೆ ಅವಳು ಬಾಯಿ ಬಿಟ್ಟಿದ್ದು ಅವರೆಕಾಳಿನ ಮುಂದೆ. ಇಲ್ಲಿ ಇಂಡಿಯನ್ ಅಂಗಡಿಯಲ್ಲಿ ಫ್ರೋಜನ್ ಅವರೆಕಾಳು ಸಿಗುತ್ತೆ, ಗುಜರಾತಿ ಹೆಸರಿನ ಪ್ಯಾಕೆಟ್ಟಲ್ಲಿ. ಶನಿವಾರ ನೀರಲ್ಲಿ ನೆನೆಹಾಕಿ ಇಬ್ಬರೂ ಅಡುಗೆಮನೆ ನೆಲದ ಮೇಲೆ ಕೂತು ಹಿತುಕುತ್ತಿದ್ದೆವು. ಹೆಬ್ಬೆರಳಿಂದ ಒತ್ತಿದರೆ ಬೇಳೆ ಪುಸಕ್ ಅಂತ ಹಾರುತ್ತೆ, ಒಂದು ಫ್ರಿಜ್ಜಿನ ಕೆಳಗೇ ಹೋಯಿತು. ಕೈಗೆ ಕೆಲಸ, ಕಣ್ಣಿಗೆ ಕಣ್ಣು ಸೇರಿಸುವ ಕಷ್ಟ ಇಲ್ಲ. ಅರ್ಧ ಪಾತ್ರೆ ಆಗೋ ಹೊತ್ತಿಗೆ ತಾನಾಗೇ ಹೇಳಿದಳು. ಪಿಇ, ಅಂದರೆ ವ್ಯಾಯಾಮದ ಕ್ಲಾಸಲ್ಲಿ ಜೋಡಿ ಮಾಡಿಕೊಳ್ಳಿ ಅಂದಾಗ ಒಬ್ಬಳು ಕೈ ಕೊಡಲಿಲ್ಲವಂತೆ. ನಿನ್ನ ಕೈ ಕಕ್ಕದ ಬಣ್ಣ, ಹಿಡಿದರೆ ಅಂಟುತ್ತೆ ಅಂದಳಂತೆ. ಪಕ್ಕದವಳು ನಕ್ಕಳಂತೆ. ಅಲ್ಲಿಂದ ಅದೇ ಒಂದು ಆಟವಾಯಿತು, ಇವಳನ್ನು ಮುಟ್ಟಿದವರು ಓಡಿಹೋಗಿ ಇನ್ನೊಬ್ಬರಿಗೆ ಒರೆಸಬೇಕು.

ಮುಟ್ಟಿದರೆ ಅಂಟುತ್ತೆ. ಈ ಆಟ ಸಮುದ್ರದಾಚೆ ಮಾತ್ರ ಇದೆ ಅಂತ ನಮ್ಮ ಕಡೆಯವರು ಯಾರಾದರೂ ಹೇಳೋಕೆ ಆಗುತ್ತಾ? ಅದನ್ನು ಆಮೇಲೆ ಬರೆಯುತ್ತೇನೆ.

ಆ ಸಲ ನಾನು ಬಾಯಿ ಕಟ್ಟಿಕೊಂಡು ಕೂತೆ. “ಹ್ಞೂಂ, ಆಮೇಲೆ?” ಅನ್ನೋದು ಬಿಟ್ಟು ಬೇರೇನೂ ಹೇಳಲಿಲ್ಲ. ಎಲ್ಲ ಮುಗಿದ ಮೇಲೆ, “ಅವರು ಮಾಡಿದ್ದು ತಪ್ಪು. ನಿನ್ನಲ್ಲಿ ಏನೂ ತಪ್ಪಿಲ್ಲ. ನನಗೆ ಹೇಳಿದ್ದು ಒಳ್ಳೇದಾಯ್ತು” ಅಂದೆ, ಅಷ್ಟೇ. ಅವಳು ಮಲಗಿದ ಮೇಲೆ ಅವಳ ಮಾತನ್ನು ಅವಳು ಹೇಳಿದ ಹಾಗೇ, ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ, ತಾರೀಖು ಹಾಕಿ ನೋಟ್‌ಬುಕ್ಕಲ್ಲಿ ಬರೆದಿಟ್ಟೆ. ಇದೊಂದು ಕೆಲಸ ನಾನು ಮೊದಲ ದಿನವೇ ಮಾಡಬೇಕಿತ್ತು. ಇದು ನಿಮ್ಮ ಮಗುವಿಗೂ ಆಗಿದ್ದರೆ ಬರೆದಿಡಿ. ಮೂರು ವಾರ ಆದಮೇಲೆ “ಯಾವ ದಿನ ಆಗಿದ್ದು?” ಅಂತ ಕೇಳ್ತಾರೆ, ನಾವು ತಡಬಡಾಯಿಸುತ್ತೇವೆ.

ಸೋಮವಾರ ಕ್ಲಾಸ್ ಟೀಚರ್ ಹತ್ತಿರ ಗೇಟಲ್ಲೇ ಹೇಳಿದೆ. ಒಳ್ಳೆಯ ಹುಡುಗಿ, ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಚಿಕ್ಕ ಮಕ್ಕಳು, ಅರ್ಥ ಗೊತ್ತಿಲ್ಲದೆ ಹೇಳ್ತಾರೆ, ಮಾತಾಡ್ತೀನಿ ಅಂದಳು. ಒಂದು ವಾರ ಆಟ ನಿಂತಿತು, ಆಮೇಲೆ ಮತ್ತೆ ಶುರು.

ಆಗ ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿಗೆ ಹೇಳಿಕೊಂಡೆ. ಹುಟ್ಟಿದ್ದು ಬರ್ಮಿಂಗ್‌ಹ್ಯಾಮಿನಲ್ಲಿ, ಅಪ್ಪ ಅಮ್ಮ ಜಮೈಕಾದಿಂದ ಬಂದವರು, ಅವನಿಗೆ ಇಬ್ಬರು ಮಕ್ಕಳು ದೊಡ್ಡವರಾಗಿದ್ದಾರೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ನಿನ್ನ ಶಾಲೆಯ ಪಾಲಿಸಿ ಓದಿದ್ದೀಯಾ ಅಂತ ಕೇಳಿದ. ಇಲ್ಲ. ಯಾರು ಓದ್ತಾರೆ? ಓದು ಅಂದ. ಇನ್ನೊಂದು ಕೇಳಿದ, ಈ ವಿಷಯದಲ್ಲಿ ಏನು ನಡೀಬೇಕು ಅಂತ ಮಗಳು ಅಂತಿದ್ದಾಳೆ? ಅದನ್ನೂ ನಾನು ಕೇಳಿರಲಿಲ್ಲ.

ಪಾಲಿಸಿ ಓದಿದೆ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಿಗೆ ನಡವಳಿಕೆಯ ನಿಯಮಗಳು, ದೂರು ಕೊಡುವ ಕ್ರಮ, ಇವೆರಡೂ ಲಿಖಿತವಾಗಿ ಇರಲೇಬೇಕು, ವೆಬ್‌ಸೈಟಿನಲ್ಲೇ ಇರುತ್ತವೆ. ನಮ್ಮ ಶಾಲೆಯದರಲ್ಲಿ ಒಂದು ಸಾಲಿತ್ತು. ಅನುಭವಿಸಿದವರಿಗಾಗಲಿ ಬೇರೆ ಯಾರಿಗಾಗಲಿ ಒಂದು ಘಟನೆ ರೇಸಿಸ್ಟ್ ಅನ್ನಿಸಿದರೆ ಅದನ್ನು ರೇಸಿಸ್ಟ್ ಘಟನೆ ಅಂತಲೇ ತೆಗೆದುಕೊಳ್ಳಬೇಕು ಅಂತ. ಮಾಡಿದವರ ಉದ್ದೇಶ ಏನಿತ್ತು ಅನ್ನೋದು ಆಮೇಲಿನ ಮಾತು. ಈ ಸಾಲು ಎಲ್ಲಿಂದ ಬಂತು ಅಂತ ಹುಡುಕಿದೆ. 1993ರ ಏಪ್ರಿಲ್ 22ರಂದು ಲಂಡನ್ನಿನ ಎಲ್ಟ್‌ಹ್ಯಾಮಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಸ್ಟೀಫನ್ ಲಾರೆನ್ಸ್ ಅನ್ನೋ ಹದಿನೆಂಟು ವರ್ಷದ ಕಪ್ಪು ಹುಡುಗನನ್ನು ಬಿಳಿಯ ಹುಡುಗರ ಗುಂಪೊಂದು ಇರಿದು ಕೊಂದಿತು. ಪೊಲೀಸರು ತನಿಖೆಯನ್ನು ಹಾಳು ಮಾಡಿದರು. ಅವನ ಅಪ್ಪ ಅಮ್ಮ ಬಿಡಲಿಲ್ಲ. 1999ರಲ್ಲಿ, ಆ ತನಿಖೆಯ ಬಗ್ಗೆಯೇ ನಡೆದ ವಿಚಾರಣೆಯ ಮ್ಯಾಕ್‌ಫರ್ಸನ್ ವರದಿ ಬಂತು, ಈ ವ್ಯಾಖ್ಯೆ ಅದರದ್ದು. ಇಬ್ಬರಿಗೆ ಶಿಕ್ಷೆ ಆಗೋಕೆ 2012ರವರೆಗೆ ಕಾಯಬೇಕಾಯಿತು. ನನ್ನ ಮಗಳ ಪಿಇ ಕ್ಲಾಸಿನ ಬಗ್ಗೆ ನಾನು ಬರೆಯಬೇಕಾದ ಈಮೇಲಿಗೆ ಬೇಕಾದ ಒಂದು ಸಾಲನ್ನು ಆ ಅಪ್ಪ ಅಮ್ಮ ಅಷ್ಟು ವರ್ಷ ಒದ್ದಾಡಿ ತಂದಿಟ್ಟಿದ್ದರು. ಇಲ್ಲಿಗೆ ಬಂದು ಎಂಟು ವರ್ಷವಾದರೂ ನನಗೆ ಆ ಹೆಸರು ಗೊತ್ತಿರಲಿಲ್ಲ.

ಈಮೇಲ್ ಮೂರು ಸಲ ಬರೆದೆ. ಮೊದಲನೆಯದನ್ನು ಹೆಂಡತಿ ಓದಿ, “ಇದನ್ನ ಕಳಿಸಿದ್ರೆ ಅವರು ನಿಮ್ಮ ಸಿಟ್ಟಿಗೆ ಉತ್ತರ ಕೊಡ್ತಾರೆ, ಅವಳ ವಿಷಯಕ್ಕಲ್ಲ” ಅಂತ ಅಳಿಸಿಹಾಕಿದಳು. ರೋಗಿಗಳ ಕೇಸ್‌ಶೀಟ್ ಬರೆದು ಬರೆದು ಅವಳಿಗೆ ಇದು ಗೊತ್ತು. ಕೊನೆಗೆ ಕಳಿಸಿದ್ದರಲ್ಲಿ ಸಿಟ್ಟು ಇರಲಿಲ್ಲ. ಯಾವ ದಿನ ಏನಾಯಿತು, ಮಗಳ ಮಾತಲ್ಲಿ. ಅದರಿಂದ ಅವಳಿಗೆ ಏನಾಗಿದೆ, ಹೊಟ್ಟೆನೋವು, ಡಬ್ಬಿ, ಸ್ಕ್ರಬ್. ನಿಮ್ಮ ಪಾಲಿಸಿ ಏನನ್ನುತ್ತೆ. 2010ರ ಈಕ್ವಾಲಿಟಿ ಆಕ್ಟಿನಲ್ಲಿ, ಅಂದರೆ ಇಲ್ಲಿನ ಸಮಾನತೆಯ ಕಾನೂನಿನಲ್ಲಿ, ಜನಾಂಗ ಅಂದರೆ ಚರ್ಮದ ಬಣ್ಣವೂ ಸೇರುತ್ತೆ ಅಂತ ಒಂದೇ ವಾಕ್ಯ. ನಾವು ಏನು ಕೇಳುತ್ತಿದ್ದೇವೆ.

ಏನು ಕೇಳಬೇಕು ಅಂತ ಮಗಳನ್ನೇ ಕೇಳಿದ್ದೆ. ಆ ಹುಡುಗಿಯರನ್ನು ಶಾಲೆಯಿಂದ ತೆಗೀಬೇಕು ಅನ್ನೋ ಮಟ್ಟಕ್ಕೆ ನಾನು ಹೋಗಿದ್ದೆ. ಅವಳಿಗೆ ಬೇಕಾಗಿದ್ದು, ಊಟದ ಟೇಬಲ್ಲಿನಲ್ಲಿ ಜಾಗ ಬದಲಾಗಬೇಕು, ಪಿಇಯಲ್ಲಿ ಜೋಡಿಯನ್ನು ಟೀಚರೇ ಹೇಳಬೇಕು. ಇಷ್ಟೇ.

ಮೀಟಿಂಗ್ ಹತ್ತು ದಿನಕ್ಕೆ ಸಿಕ್ಕಿತು. ಡೆಪ್ಯುಟಿ ಹೆಡ್ಡು, ಕ್ಲಾಸ್ ಟೀಚರು, ನಾವಿಬ್ಬರು, ಮಕ್ಕಳ ಕುರ್ಚಿಗಳು. ಆ ಕುರ್ಚಿಯಲ್ಲಿ ಕೂತರೆ ಮಂಡಿ ಗಲ್ಲಕ್ಕೆ ತಾಗುತ್ತೆ, ಗಂಭೀರವಾಗಿರೋಕೇ ಆಗಲ್ಲ. ಡೆಪ್ಯುಟಿ ಹೆಡ್ ತುಂಬ ನಯವಾಗಿ ಮಾತಾಡಿದರು. ಇಪ್ಪತ್ತು ನಿಮಿಷದಲ್ಲಿ ‘ಅನ್‌ಕೈಂಡ್’ ಅನ್ನೋ ಪದ ಎಷ್ಟು ಸಲ ಬಂತೋ ಲೆಕ್ಕ ಇಲ್ಲ. ಮಾತು ಒರಟಾಗಿತ್ತು, ಮನಸ್ಸು ನೋಯಿಸುವಂತಿತ್ತು, ಎಲ್ಲ ಸರಿ, ಆ ಒಂದು ಪದ ಮಾತ್ರ ಬಾಯಿಗೆ ಬರಲಿಲ್ಲ. ನನ್ನ ಹೆಂಡತಿ ಕೇಳಿದಳು, ಇದನ್ನು ದಾಖಲೆಯಲ್ಲಿ ರೇಸಿಸ್ಟ್ ಘಟನೆ ಅಂತ ಬರೆಯುತ್ತೀರಾ? ರೂಮಲ್ಲಿ ಹೀಟರಿನ ಸದ್ದು ಕೇಳುವಷ್ಟು ಮೌನ. ಏಳು ವರ್ಷದ ಮಗುವಿಗೆ ಆ ಹಣೆಪಟ್ಟಿ ಹಚ್ಚೋದು ಸರಿಯಾ ಅಂದರು. ಅವಳು, “ಮಗುವಿಗೆ ಹಚ್ಚಬೇಡಿ, ಮಾತಿಗೆ ಹಚ್ಚಿ” ಅಂದಳು. ಬರೆದರು.

ಇಂಥದ್ದನ್ನು ಊರಿನ ಸ್ಥಳೀಯ ಆಡಳಿತಕ್ಕೆ, ಅಂದರೆ ಕೌನ್ಸಿಲ್‌ಗೆ ತಿಳಿಸಲೇಬೇಕು ಅನ್ನೋ ಕಾನೂನು ಇಂಗ್ಲೆಂಡಿನಲ್ಲಿ ಇಲ್ಲ. ಆದ್ದರಿಂದ ನಾವು ಒತ್ತಾಯ ಮಾಡದಿದ್ದರೆ ಆ ಪದ ಯಾವ ಕಾಗದದ ಮೇಲೂ ಬರುತ್ತಿರಲಿಲ್ಲ. ಅಲ್ಲೂ ಆಗಲಿಲ್ಲ ಅಂದರೆ ಹೆಡ್ ಟೀಚರು, ಆಮೇಲೆ ಶಾಲೆಯ ಆಡಳಿತ ಮಂಡಳಿಯ ಗವರ್ನರುಗಳು, ಅದಾದಮೇಲೆ ಶಿಕ್ಷಣ ಇಲಾಖೆ, ಮೆಟ್ಟಿಲು ಹೀಗೆ. ನಮಗೆ ಅಷ್ಟು ಹತ್ತಬೇಕಾಗಲಿಲ್ಲ.

ಹಾಗಂತ ಎಲ್ಲ ಸುಸೂತ್ರ ಆಯಿತು ಅಂದುಕೊಳ್ಳಬೇಡಿ. ಮರುವಾರವೇ ನಮಗೆ ಹೇಳದೆ ಮೂರು ಮಕ್ಕಳನ್ನೂ ಒಂದು ರೂಮಲ್ಲಿ ಕೂರಿಸಿ ಆ ಇಬ್ಬರಿಂದ ಸಾರಿ ಹೇಳಿಸಿದರು. ಆಮೇಲೆ ಇವಳ ಕಡೆ ತಿರುಗಿ, ಈಗ ನೀನೇನು ಹೇಳ್ತೀಯಾ ಅಂತ ಕೇಳಿದರಂತೆ. ಇವಳು ಇಟ್ಸ್ ಓಕೆ ಅಂದಳಂತೆ. ರಾತ್ರಿ ಹಾಸಿಗೆಯಲ್ಲಿ, “ಓಕೆ ಅಲ್ಲ ಅಪ್ಪಾ, ಆದ್ರೆ ಅವರು ನೋಡ್ತಾ ಇದ್ರು” ಅಂದಳು. ಇನ್ನೊಂದು ಈಮೇಲ್ ಹೋಯಿತು. ಮಗು ಕ್ಷಮಿಸಬೇಕು ಅನ್ನೋ ಕಡ್ಡಾಯ ಬೇಡ, ಮುಂದೆ ಇಂಥ ಮಾತುಕತೆಗೆ ಮೊದಲು ನಮಗೆ ತಿಳಿಸಿ ಅಂತ. ಅದಕ್ಕೆ ಮಾತ್ರ ತಕ್ಷಣ ಒಪ್ಪಿದರು. ಆಟದ ಹೊತ್ತಲ್ಲಿ ಅವಳು ಹೋಗಿ ಹೇಳಿಕೊಳ್ಳಬಹುದಾದ ಒಬ್ಬ ಡಿನ್ನರ್ ಲೇಡಿಯನ್ನೂ, ಅಂದರೆ ಮಧ್ಯಾಹ್ನದ ಊಟದ ಹೊತ್ತಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸನ್ನೂ, ಗೊತ್ತು ಮಾಡಿದರು. ಆ ಹೆಂಗಸು ಅವಳಿಗೆ ದಿನಾ ಎರಡು ನಿಮಿಷ ಕೊಡುತ್ತಿದ್ದಳು. ಮೀಟಿಂಗು ಪಾಲಿಸಿ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಆ ಎರಡು ನಿಮಿಷ.

ಈಗ ಮನೆಯ ವಿಷಯ.

ಚಿತ್ರದುರ್ಗದಲ್ಲಿರುವ ಅಮ್ಮನಿಗೆ ಪ್ರತಿ ಭಾನುವಾರ ವಿಡಿಯೊ ಕಾಲ್. ಈ ಗಲಾಟೆಯೆಲ್ಲ ನಡೆಯುವಾಗಲೇ ಒಂದು ಭಾನುವಾರ ಅಮ್ಮ ಮೊಮ್ಮಗಳ ಮುಖ ನೋಡಿ, “ಯಾಕವ್ವಾ ಇಷ್ಟು ಕರ್ರಗಾಗೀಯ? ಬಿಸಿಲಿಗೆ ಹೋಗಬ್ಯಾಡ. ಕಡ್ಲೆಹಿಟ್ಟು ಮೊಸರು ಹಚ್ಚಿ ಎಣ್ಣೆನೀರು ಹಾಕ್ರೋ” ಅಂದರು. ನವೆಂಬರಿನ ಇಂಗ್ಲೆಂಡು, ಬಿಸಿಲು ಎಲ್ಲಿದೆ! ನಾನು ನಗುತ್ತಾ ಮಗಳ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ. ಎಡಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದಳು.

ಬಣ್ಣ ಉಜ್ಜಿದರೆ ಹೋಗುತ್ತೆ ಅನ್ನೋ ಐಡಿಯಾ ಆ ಇಂಗ್ಲಿಷ್ ಹುಡುಗಿಯರದ್ದಲ್ಲ ಅಂತ ನನಗೆ ಹೊಳೆದಿದ್ದು ಆಗ. ಅವರು ಅಂಟುತ್ತೆ ಅಂದಿದ್ದರು. ಉಜ್ಜು ಅಂದಿದ್ದು ನಮ್ಮ ಮನೆ.

ನನ್ನ ಮೈಬಣ್ಣ ಕಪ್ಪು. ಸ್ಕೂಲಲ್ಲಿ ನನ್ನ ಹೆಸರಿನವರು ಇಬ್ಬರಿದ್ದೆವು. ಮೇಷ್ಟ್ರು ಗುರುತಿಗೆ ಇರಲಿ ಅಂತ ನನ್ನನ್ನು ಕರಿಯ ಅಂದರು, ಇನ್ನೊಬ್ಬ ಬರೀ ಹೆಸರಿನವನಾಗಿಯೇ ಉಳಿದ. ಹತ್ತನೇ ಕ್ಲಾಸಿನವರೆಗೂ ಅದೇ. ಪ್ರೀತಿಯಿಂದ ಕರೆದಿದ್ದು ಅಂತ ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ‘ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ’ ಅನ್ನೋ ಮಾತನ್ನು ಹೊಗಳಿಕೆ ಅಂದುಕೊಂಡೇ ಬೆಳೆದವರು ನಾವು, ಆ ‘ರೂ’ ಅಲ್ಲಿ ಏನು ಮಾಡ್ತಿದೆ ಅಂತ ಒಂದು ದಿನವೂ ಕೇಳಿಲ್ಲ. ಮನೆಮನೆಯಲ್ಲೂ ಇದ್ದ ಆ ಕ್ರೀಮು 2020ರಲ್ಲಿ ತನ್ನ ಹೆಸರಿಂದ ‘ಫೇರ್’ ಅನ್ನೋದನ್ನು ತೆಗೆದುಹಾಕಿತು. ಹೆಸರು ಹೋಯಿತು, ಕಡ್ಲೆಹಿಟ್ಟು ಇದ್ದೇ ಇದೆ.

ಇನ್ನೊಂದೂ ಹೇಳಿಬಿಡಬೇಕು. ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಗ ನಮ್ಮ ಜೊತೆ ಮಣಿಪುರದ ಹುಡುಗನೊಬ್ಬನಿದ್ದ. ಅವನನ್ನು ನಾವು ಕರೆಯುತ್ತಿದ್ದ ಹೆಸರನ್ನು ಇಲ್ಲಿ ಬರೆಯೋಕೆ ಈಗ ನಾಚಿಕೆ. ಅವನೂ ನಗುತ್ತಿದ್ದ, ಹಾಗಾಗಿ ತಮಾಷೆ ಅಂದುಕೊಂಡಿದ್ದೆವು. 2012ರ ಆಗಸ್ಟಿನಲ್ಲಿ ಹಲ್ಲೆ ಆಗುತ್ತೆ ಅನ್ನೋ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರಲ್ಲ, ಆಗ ಅವನೂ ಬ್ಯಾಗ್ ಕಟ್ಟಿಕೊಂಡು ಹೋದ. ಫೋನ್ ಮಾಡೋಣ ಅಂತ ನಂಬರ್ ಹುಡುಕಿದರೆ ನನ್ನ ಮೊಬೈಲಲ್ಲಿ ಅದು ಸೇವ್ ಆಗಿದ್ದು ಆ ಅಡ್ಡಹೆಸರಲ್ಲೇ. ನಿಜವಾದ ಹೆಸರು ಪೂರ್ತಿ ಗೊತ್ತಿರಲಿಲ್ಲ.

ಅಮ್ಮನ ಹತ್ತಿರ ಮಾತಾಡೋದು ಡೆಪ್ಯುಟಿ ಹೆಡ್ ಹತ್ತಿರ ಮಾತಾಡಿದ್ದಕ್ಕಿಂತ ಕಷ್ಟ ಆಯಿತು. ಮಗಳು ಇಲ್ಲದ ಹೊತ್ತು ನೋಡಿ ಫೋನ್ ಮಾಡಿ ಎಲ್ಲ ಹೇಳಿದೆ. ಸ್ಕ್ರಬ್ ವಿಷಯ ಕೇಳಿ ಅತ್ತರು. ಬಣ್ಣದ ಮಾತು ಬೇಡ ಅಂದಾಗ ಮಾತ್ರ ಸಿಟ್ಟು ಬಂತು, “ನನ್ ಮೊಮ್ಮಗಳಿಗೆ ನಾ ಕೆಟ್ಟದ್ದು ಅಂತೀನೇನೋ?” ಅಂತ ಫೋನಿಟ್ಟರು. ಎರಡು ದಿನ ಬಿಟ್ಟು ತಾವೇ ಮಾಡಿದರು. ಅಡುಗೆ, ಮಳೆ, ಪಕ್ಕದ ಮನೆ ಮದುವೆ, ಎಲ್ಲ ಆದಮೇಲೆ, “ನನ್ನ ನೋಡಾಕೆ ಬಂದಾಗ ಹುಡುಗಿ ಕಪ್ಪು ಅಂತ ಎರಡು ತೊಲ ಜಾಸ್ತಿ ಕೇಳಿದ್ರು, ಗೊತ್ತೇನು ನಿಂಗೆ” ಅಂದರು. ಗೊತ್ತಿರಲಿಲ್ಲ. ಅದಕ್ಕೇ ಕಡ್ಲೆಹಿಟ್ಟು ಅಂತೀನಿ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಭಾನುವಾರ ಮೊಮ್ಮಗಳ ಮುಖ ನೋಡಿ ಬಾಯಿ ತೆಗೀತಾರೆ, ಅರ್ಧಕ್ಕೆ ನಿಲ್ಲಿಸ್ತಾರೆ, ಉಂಡ್ಯಾ ಅಂತಾರೆ.

ಮನೆಯಲ್ಲಿ ಗೊಂಬೆಗಳನ್ನು ಎಣಿಸಿದೆ. ಹನ್ನೊಂದು, ಹನ್ನೊಂದೂ ಗುಲಾಬಿ. 1940ರ ದಶಕದಲ್ಲಿ ಅಮೆರಿಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಅನ್ನೋ ಕಪ್ಪು ಮನಶ್ಶಾಸ್ತ್ರಜ್ಞ ದಂಪತಿ ಬಣ್ಣ ಬಿಟ್ಟರೆ ಎಲ್ಲ ಒಂದೇ ಥರ ಇದ್ದ ಗೊಂಬೆಗಳನ್ನು ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದಿಟ್ಟು ಯಾವುದು ಚೆನ್ನಾಗಿದೆ ಅಂತ ಕೇಳಿದ್ದರು. ಹೆಚ್ಚಿನ ಮಕ್ಕಳು ತೋರಿಸಿದ್ದು ಬಿಳಿ ಗೊಂಬೆ. ನಾನು ಆ ಪ್ರಶ್ನೆಯನ್ನು ಮಗಳಿಗೆ ಕೇಳಲಿಲ್ಲ. ಧೈರ್ಯ ಬರಲಿಲ್ಲ. ಅದರ ಬದಲು ಬಣ್ಣದ ಡಬ್ಬ ತಂದು, ನಮ್ಮ ಕೈಯದೇ ಬಣ್ಣ ಬರೋ ತನಕ ಕಲಸೋಣ ಅಂದೆ. ಅವಳ ಪ್ರಕಾರ ಪೀಚ್ ಬಣ್ಣದ ಪೆನ್ಸಿಲ್ಲಿನ ಹೆಸರು ‘ಸ್ಕಿನ್ ಕಲರ್’. ಕಂದು, ಸ್ವಲ್ಪ ಹಳದಿ, ಒಂದು ತೊಟ್ಟು ಕೆಂಪು, ಮತ್ತೆ ಕಂದು. ಕೈಮೇಲೆ ಹಚ್ಚಿ ನೋಡೋದು, ಒರೆಸೋದು. ಒಂದು ಗಂಟೆ ಆದಮೇಲೆ ಅವಳ ಮುಂಗೈ ಮೇಲೆ ಹಚ್ಚಿದ ಪಟ್ಟೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅಂತ ಗೊತ್ತಾಗದ ಹಾಗೆ ಕೂತಿತು. “ಮ್ಯಾಜಿಕ್!” ಅಂತ ಕೂಗಿದಳು. ತನ್ನ ಅಮ್ಮನ ಬಣ್ಣಕ್ಕೆ ಜೋನಿಬೆಲ್ಲ ಅಂತ ಹೆಸರಿಟ್ಟಳು, ನನಗೆ ರಾಗಿಮುದ್ದೆ. ನಾನು ಕರಿಯನಿಂದ ರಾಗಿಮುದ್ದೆಗೆ ಬಂದೆ, ಪ್ರಮೋಷನ್ನೇ.

ಮತ್ತೆ ಯಾರಾದರೂ ಅಂದರೆ ಏನು ಮಾಡಬೇಕು ಅಂತ ಅಭ್ಯಾಸವನ್ನೂ ಮಾಡಿದೆವು. ಅವಳು ಆ ಹುಡುಗಿ, ನಾನು ಅವಳು. ಜೋರಾಗಿ, “ಹಾಗನ್ನಬೇಡ, ಅದು ರೇಸಿಸ್ಟ್ ಮಾತು” ಅಂದು ತಿರುಗಿ ನಡೆಯಬೇಕು. ನನ್ನ ಆ್ಯಕ್ಟಿಂಗ್ ನೋಡಿ ಬಿದ್ದು ಬಿದ್ದು ನಕ್ಕಳು. ಏನೂ ಹೇಳೋಕೆ ಆಗದಿದ್ದರೆ ಸುಮ್ನೆ ಡಿನ್ನರ್ ಲೇಡಿ ಹತ್ತಿರ ಹೋಗು, ಅದೂ ಸರಿಯೇ ಅಂದೆ. ಅವಳು ಇಷ್ಟರವರೆಗೆ ಎರಡು ಸಲ ಹಾಗೇ ಹೋಗಿದ್ದಾಳೆ. ಜೋರಾಗಿ ಒಂದು ಸಲವೂ ಹೇಳಿಲ್ಲ.

ಏಪ್ರಿಲ್‌ನಲ್ಲಿ ಈಜು ಕ್ಲಾಸಿಂದ ಬರುವಾಗ ಕಾರಲ್ಲಿ ಖುಷಿಯಾಗಿ ಹೇಳಿದಳು, “ಹೊಸ ಹುಡುಗ ಬಂದಿದ್ದಾನೆ ಅಪ್ಪಾ, ನೈಜೀರಿಯಾದವನು. ಅವನ ಪಕ್ಕ ನಿಂತ್ರೆ ನಾನು ಬೆಳ್ಳಗೆ ಕಾಣ್ತೀನಿ!” ಸಿಗ್ನಲ್ ಹಸಿರಾಗಿತ್ತು, ಹಿಂದಿನವನು ಹಾರ್ನ್ ಹೊಡೆದ. ನನ್ನ ಮೊದಲ ಉಸಿರಿಗೆ ಬಂದಿದ್ದು ಗದರಿಕೆ, ನುಂಗಿಕೊಂಡೆ. ಮನೆಗೆ ಬಂದ ಮೇಲೆ ಬಟಾಣಿ ಬಿಡಿಸೋಕೆ ಕೂತಾಗ ಕೇಳಿದೆ, ಬೆಳ್ಳಗೆ ಕಂಡ್ರೆ ಏನಾಗುತ್ತೆ ಪುಟ್ಟಿ? ತುಂಬ ಹೊತ್ತು ಯೋಚನೆ ಮಾಡಿದಳು. “ಆಗ ಕಡೆಯವಳು ನಾನಾಗಲ್ಲ.” ಅದಕ್ಕೆ ಏನು ಹೇಳಬೇಕು ಅಂತ ನನಗೆ ತಕ್ಷಣ ತೋಚಲಿಲ್ಲ. ಅವನಿಗೂ ಕೈ ಉಜ್ಜಿಕೊಳ್ಳಬೇಕು ಅನ್ನಿಸಿದರೆ ಅಂತ ಮಾತ್ರ ಕೇಳಿದೆ. ಉತ್ತರ ಕೊಡಲಿಲ್ಲ. ಮುಂದಿನ ವಾರ ಆ ಹುಡುಗನ ಹೆಸರು ಏನು ಅಂತ ಕೇಳಿದೆ. ನಾಲ್ಕು ಅಕ್ಷರದ ಹೆಸರು, ಸರಿಯಾಗಿ ಉಚ್ಚಾರ ಮಾಡಿ ಹೇಳಿದಳು, ನಾನು ತಪ್ಪು ಹೇಳಿದಾಗ ತಿದ್ದಿದಳು.

ಮೊನ್ನೆ ಜೂನಿನಲ್ಲಿ ಸಂಜೆ ಕರೆದುಕೊಂಡು ಬರೋಕೆ ಹೋಗಿದ್ದೆ. ಗೇಟಿನ ಹತ್ತಿರ ಹೋದಕೂಡಲೇ ನಾನು ಅಭ್ಯಾಸದಂತೆ ಇಂಗ್ಲಿಷಿಗೆ ತಿರುಗಿದ್ದೆ. ಇಪ್ಪತ್ತು ಜನ ಅಪ್ಪ ಅಮ್ಮಂದಿರು, ಟೀಚರು, ಎಲ್ಲರ ಮಧ್ಯದಿಂದ ಓಡಿಬಂದವಳು ಕಾಲು ಕತ್ತರಿ ಹಾಕಿಕೊಂಡು ನಿಂತು ಗಂಟಲು ಹರಿಯೋ ಹಾಗೆ ಕೂಗಿದಳು, “ಅಪ್ಪಾ, ಬೇಗ ನಡಿ, ಉಚ್ಚೆ ಬಂದ್ಬಿಡ್ತು!” ಟೀಚರು ನನ್ನ ಮುಖ ನೋಡಿದಳು, ಏನಂತೆ ಅನ್ನೋ ಹಾಗೆ. ಮಗಳು ನನ್ನ ಕೈ ಎಳೆಯುತ್ತಾ, “ಹೇಳ್ಬೇಡ, ಅವರಿಗೆ ಅರ್ಥ ಆಗಲ್ಲ” ಅಂದಳು. ಅದೂ ಕನ್ನಡದಲ್ಲೇ, ಅಷ್ಟೇ ಜೋರಾಗಿ.